ಹಳ್ಳಿಯಲ್ಲಿ ನಾವೇ ಮ್ಯೂಸಿಯಂ ಮಾಡೋದು ಹೇಗೆ? ನಮ್ಮೂರಲ್ಲಿ ಶುರುವಾದ ಕಥೆ

"ಊರಿನ ಹಳೇ ಸಾಮಾನು ಸೇರಿಸಿ ಮ್ಯೂಸಿಯಂ ಮಾಡಬೇಕು, ಸಂಬಳ ಕೊಡೋಕೆ ದುಡ್ಡಿಲ್ಲ, ಎಲ್ಲಿಂದ ಶುರು ಮಾಡಲಿ" ಅಂತ ಕೇಳಿದ್ದೀರಿ. ಕಟ್ಟಡದಿಂದಂತೂ ಬೇಡ. ಸಾಗರ ತಾಲೂಕಿನ ನಮ್ಮ ಸಣ್ಣ ಊರಿನಲ್ಲಿ ಇದು ಶುರುವಾಗಿದ್ದು ಜಗಳದಿಂದ.

ನಮ್ಮ ತಾಲೂಕಿನದೇ ಆದ ಕಾಗೋಡು ಸತ್ಯಾಗ್ರಹದ ಹೆಸರು ಕೇಳಿರುತ್ತೀರಿ. 1951ರಲ್ಲಿ ಗೇಣಿದಾರರು ಜಮೀನಿನ ಒಡೆಯರ ಎದುರು ನಿಂತರು, ಸಮಾಜವಾದಿ ನಾಯಕ ಲೋಹಿಯಾ ಕೂಡ ಬಂದು ಅರೆಸ್ಟ್ ಆದರು. ಜಗಳದ ಬುಡದಲ್ಲಿದ್ದದ್ದು ಗೇಣಿ ಭತ್ತ ಅಳೆಯುವ ಕೊಳಗ. ಒಡೆಯರ ಕೊಳಗ ದೊಡ್ಡದು ಎನ್ನುವುದು ಗೇಣಿದಾರರ ದೂರು. ಟೀ ಅಂಗಡಿಯಲ್ಲಿ ಒಬ್ಬ ಹಿರಿಯರು ಇದನ್ನು ಹೇಳುತ್ತಿದ್ದಾಗ ಒಡೆಯರ ಮನೆತನದ ಹುಡುಗನೊಬ್ಬ "ಎಲ್ಲ ಸುಳ್ಳು, ನಮ್ಮ ಅಟ್ಟದಲ್ಲಿ ಇನ್ನೂ ಇದೆ, ಬೇಕಾದ್ರೆ ತರ್ತೀನಿ" ಅಂದ. ತಂದೇ ಬಿಟ್ಟ. ಗೇಣಿ ಮಾಡುತ್ತಿದ್ದವರ ಮನೆಯಿಂದ ಇನ್ನೊಂದು ಬಂತು. ಜಗಲಿಯ ಮೇಲೆ ಚಾಪೆ ಹಾಸಿ, ದೊಡ್ಡದರ ತುಂಬ ಭತ್ತ ತುಂಬಿ ಚಿಕ್ಕದಕ್ಕೆ ಸುರಿದರೆ ಹಿಡಿಯಲಿಲ್ಲ, ಸುತ್ತ ಚೆಲ್ಲಿತು. ಹುಡುಗ ನಕ್ಕು, "ಎರಡೂ ಇಲ್ಲೇ ಇರಲಿ ಬಿಡಿ" ಅಂದ.

ಆಮೇಲೆ ನಾವು ಕೇಳಬೇಕಾಗಲೇ ಇಲ್ಲ. ಒಬ್ಬರು 1974ರ ಭೂಸುಧಾರಣೆ ಕಾಲದಲ್ಲಿ ಗೇಣಿ ಜಮೀನು ತಮಗೆ ಸಿಗಲಿ ಅಂತ ಕೊಟ್ಟ ಡಿಕ್ಲರೇಷನ್ ಕಾಗದ ತಂದರು. ಇನ್ನೊಬ್ಬರು ಅಡಿಕೆ ಸುಲಿಯುವ ಮೆಟ್ಟುಗತ್ತಿ ತಂದರು. ಲಿಂಗನಮಕ್ಕಿ ಅಣೆಕಟ್ಟಿನಿಂದ ಮುಳುಗಿದ ಊರಿನವರೊಬ್ಬರು, ಅಜ್ಜ ಹೊತ್ತು ತಂದ ಬಾಗಿಲ ಚೌಕಟ್ಟನ್ನೇ ಕೊಟ್ಟರು. ಹಾಲಿನ ಡೈರಿಯ ಹಿಂದಿನ ಖಾಲಿ ಕೋಣೆ ಸಿಕ್ಕಿದ್ದು ಇದೆಲ್ಲ ಆದ ಮೇಲೆ.

ಹಾಗಾಗಿ ಮೊದಲು ಒಂದು ದಪ್ಪ ಪುಸ್ತಕ ತಗೊಳ್ಳಿ. ಯಾರು ಕೊಟ್ಟರು, ಯಾರು ಬಳಸುತ್ತಿದ್ದರು, ಅವರ ಮನೆಯಲ್ಲಿ ಅದಕ್ಕೆ ಏನಂತಿದ್ದರು, ಎಲ್ಲ ಅವರೆದುರೇ ಬರೆಯಿರಿ. ಪೂರ್ತಿ ಕೊಟ್ಟಿದ್ದೋ, ಸುಮ್ನೆ ಇಟ್ಟುಕೊಳ್ಳಲು ಕೊಟ್ಟಿದ್ದೋ ಅಂತ ಬರೆಸಿ ಸಹಿ ಹಾಕಿಸಿ. ಅಪ್ಪ ಕೊಟ್ಟಿದ್ದನ್ನು ಮಗ ವಾಪಸ್ ಕೇಳುವುದು ಮಾಮೂಲಿ. ಕೆಳದಿಯ ಮ್ಯೂಸಿಯಂ ಒಮ್ಮೆ ನೋಡಿ ಬನ್ನಿ. ಇತಿಹಾಸ ಸಂಶೋಧಕ ಗುಂಡಾ ಜೋಯಿಸರು ತಾಳೆಗರಿ, ಕಡತ ಹುಡುಕಿ ಹುಡುಕಿ ಕೂಡಿಸಿ ಕಟ್ಟಿದ್ದು ಅದು, ಈಗ ಕುವೆಂಪು ವಿಶ್ವವಿದ್ಯಾಲಯದ ಅಡಿ ಇದೆ. ನಮಗೆ ಅವರಷ್ಟು ಓದಿಲ್ಲ, ಪುಸ್ತಕ ಬರೆದಿಡುವಷ್ಟು ತಾಳ್ಮೆ ಇದೆ ಅಷ್ಟೇ.

ನಮ್ಮ ಕಡೆ ದೊಡ್ಡ ಶತ್ರು ಮಳೆಗಾಲ. ಅಡುಗೆ ಮನೆ ಅಟ್ಟದಲ್ಲಿ ಹೊಗೆ ಕುಡಿದು ಅಷ್ಟು ವರ್ಷ ಗಟ್ಟಿಯಾಗಿದ್ದ ಮರದ ಸಾಮಾನಿಗೆ ಚೊಕ್ಕ ಕೋಣೆಗೆ ಬಂದ ಮೇಲೆ ಬೂಷ್ಟು, ಒರಲೆ ಎಲ್ಲ ಹಿಡಿಯುತ್ತದೆ. ಗೋಡೆಗೆ, ನೆಲಕ್ಕೆ ತಾಗಿಸಿ ಏನನ್ನೂ ಇಡಬೇಡಿ. ಹಿತ್ತಾಳೆ ಸಾಮಾನನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ ಅಂತ ಮೊದಲೇ ಹೇಳಿಡಿ, ಇಲ್ಲದಿದ್ದರೆ ಯಾರಾದರೂ ಪ್ರೀತಿಯಿಂದ ಫಳಫಳ ಮಾಡಿ ಹಳೇ ಬಣ್ಣವನ್ನೆಲ್ಲ ತೆಗೆದುಬಿಡುತ್ತಾರೆ!

ಕಾನೂನಿನ ವಿಷಯ ಇಷ್ಟೇ. ನೆಲ ಅಗೆಯುವಾಗ ಸಿಕ್ಕ ನಾಣ್ಯ, ವಿಗ್ರಹ ತಂದರೆ ಇಟ್ಟುಕೊಳ್ಳಬೇಡಿ, ತಹಶೀಲ್ದಾರರಿಗೆ ತಿಳಿಸಿ. ನೂರು ವರ್ಷ ದಾಟಿದ ವಿಗ್ರಹಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೋಂದಣಿ ಬೇಕು. ವೀರಗಲ್ಲು ಇದ್ದಲ್ಲೇ ಇರಲಿ, ಫೋಟೋ ಸಾಕು. ಸಂಘ ಅಂತ ನೋಂದಾಯಿಸಲು ಕನಿಷ್ಠ 7 ಜನ ಬೇಕು.

ಆ ಏಳು ಜನರಲ್ಲಿ ಬೀಗದ ಕೈ ಯಾರ ಹತ್ತಿರ ಇರಬೇಕು ಅಂತಲೂ ತೀರ್ಮಾನ ಮಾಡಿಕೊಳ್ಳಿ, ನಮ್ಮಲ್ಲಿ ಜಾಸ್ತಿ ಮಾತು ಬಂದಿದ್ದು ಅದಕ್ಕೇ. ಅಡಿಕೆ ಕೊಯ್ಲಿನ ಹೊತ್ತಲ್ಲಿ ಯಾರೂ ಸಿಗುವುದಿಲ್ಲ, ಅಲ್ವಾ? ಆಗ ನಾವು ಬಾಗಿಲೇ ತೆಗೆಯುವುದಿಲ್ಲ, ಬೋರ್ಡಿನಲ್ಲೂ ಹಾಗೇ ಬರೆದಿದ್ದೇವೆ.