ಹೊಸೂರಲ್ಲಿ ಮನೆ ಹಿಡಿಯುವ ಮುಂಚೆ

ಕೆಲಸ ಎಲೆಕ್ಟ್ರಾನಿಕ್ ಸಿಟೀಲಿ, ಮನೆ ಹೊಸೂರಲ್ಲಿ ಅಂತ ಯೋಚನೆ ಮಾಡಿದ್ದೀರಿ. ಅಡ್ವಾನ್ಸ್ ಎಷ್ಟು ಕೇಳ್ತಾರೆ ಅಂತ ತಾನೇ ನಿಮ್ಮ ಪ್ರಶ್ನೆ?

ಅತ್ತಿಬೆಲೆ ದಾಟಿದರೆ ರಾಜ್ಯ ಬೇರೆ, ಕಾನೂನೂ ಬೇರೆ. ನಿಮ್ಮ ಬೆಂಗಳೂರಲ್ಲಿ ಹತ್ತು ತಿಂಗಳ ಬಾಡಿಗೆ ಕೇಳೋದು ಹಳೇ ರೂಢಿ. ತಮಿಳುನಾಡಿನ 2017ರ ಬಾಡಿಗೆ ಕಾಯ್ದೆ 2019ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತಗೋಬಾರದು. 10,000 ಬಾಡಿಗೆ ಇದ್ದರೆ 30,000. ಆದರೆ ಇದಕ್ಕೊಂದು ಬಾಲ ಇದೆ. ಕರಾರಿನಲ್ಲಿ ಇಬ್ಬರೂ ಒಪ್ಪಿ ಬೇರೆ ಲೆಕ್ಕ ಬರೆದುಕೊಂಡರೆ ಆ ಮಿತಿ ಅನ್ವಯಿಸಲ್ಲ. ಓನರ್‌ಗಳಿಗೆ ಈ ಬಾಲ ಚೆನ್ನಾಗಿ ಗೊತ್ತು!

ಎರಡೇ ತಿಂಗಳು ಅಂತ ವಾಟ್ಸಾಪಲ್ಲಿ ಓಡಾಡುತ್ತಲ್ಲ, ಅದು ಕೇಂದ್ರದ 2021ರ ಮಾದರಿ ಕಾಯ್ದೆ. ರಾಜ್ಯ ಒಪ್ಪಿ ಕಾನೂನು ಮಾಡದೆ ಅದಕ್ಕೆ ಬಲ ಇಲ್ಲ.

ನನ್ನ ಕಥೆ ಕೇಳಿ. ಬಾಗಲೂರು ರಸ್ತೆ ಕಡೆ ಒಂದು ಮನೆ ಹಿಡಿದಿದ್ದೆ. ಓನರಮ್ಮ ಮನೇಲಿ ತೆಲುಗು, ನಮ್ಮ ಹತ್ತಿರ ಕನ್ನಡ. ಕರಾರು ಮಾತ್ರ ತಮಿಳಲ್ಲಿ. ನನಗೆ ತಮಿಳು ಮಾತು ಬರುತ್ತೆ, ಓದಕ್ಕೆ ಬರಲ್ಲ. ಕೈಯಲ್ಲಿ 50,000 ಕೊಟ್ಟೆ, ತೋರಿಸಿದ ಕಡೆ ಸಹಿ ಹಾಕಿದೆ. ಆಮೇಲೆ ಪಕ್ಕದ ಮನೆ ಹುಡುಗನ ಹತ್ತಿರ ಓದಿಸಿದರೆ ಬರೆದಿರೋದು 30,000! ಕೇಳಿದ್ದಕ್ಕೆ, "ಕಾನೂನು ಮೂರು ತಿಂಗಳು ಅನ್ನುತ್ತಲ್ಲಪ್ಪ, ಅದಕ್ಕೇ ಹಾಗೆ ಬರೆಸಿದ್ದು" ಅಂದರು. ಮನೆ ಬಿಟ್ಟಾಗ ಆ ಮೂವತ್ತರಲ್ಲೂ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಕಾಯ್ದೆಯ ಪಟ್ಟಿಯಲ್ಲಿ ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ ಓನರ್ ಪಾಲಿನ ಕೆಲಸ ಅಂತಲೇ ಇದೆ. ನನಗೆ ಗೊತ್ತಾಗಿದ್ದು ದುಡ್ಡು ಹೋದ ಮೇಲೆ.

ಅದಕ್ಕೇ ಹೇಳೋದು, ಐದು ತಿಂಗಳದ್ದು ಕೊಟ್ಟರೆ ಐದು ಅಂತಲೇ ಬರೆಸಿ. ಬ್ಯಾಂಕ್ ಮೂಲಕ ಕಳಿಸಿ, 'ಅಡ್ವಾನ್ಸ್' ಅಂತ ನಮೂದಿಸಿ. ಬಾಯಿಮಾತಿನ ಕರಾರು ಇಲ್ಲಿ ನಡೆಯಲ್ಲ. ನೋಂದಣಿ ತಪ್ಪಿಸೋಕೆ ಹನ್ನೊಂದು ತಿಂಗಳಿಗೆ ಅಂತ ಕರಾರು ಬರೆಯೋ ಉಪಾಯವೂ ಅಷ್ಟೇ, ಎಲ್ಲ ಕರಾರನ್ನೂ ಬಾಡಿಗೆ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಅದಕ್ಕೆ ಆನ್‌ಲೈನ್ ವ್ಯವಸ್ಥೆ ಇದೆ. ಮನೆ ಬಿಟ್ಟ ಒಂದು ತಿಂಗಳೊಳಗೆ, ನಿಮ್ಮ ಬಾಕಿ ಏನಾದರೂ ಇದ್ದರೆ ಅದನ್ನು ಕಳೆದು, ಉಳಿದ ಅಡ್ವಾನ್ಸ್ ವಾಪಸ್ ಕೊಡಲೇಬೇಕು.

ಸಹಿ ಹಾಕೋ ಮುಂಚೆ ತಮಿಳು ಓದೋರು ಒಬ್ಬರನ್ನ ಜೊತೆಗೆ ಕರ್ಕೊಂಡು ಹೋಗಿ. ಯಾರೂ ಸಿಗದಿದ್ದರೆ ಹೇಳಿ, ಆ ಪಕ್ಕದ ಮನೆ ಹುಡುಗ ಇನ್ನೂ ಅಲ್ಲೇ ಇದ್ದಾನೆ.