ಫ್ರಿಜ್ ಮುಟ್ಟಿದರೆ ಜುಮ್ ಅಂತಿತ್ತು

ಪ್ರಶ್ನೆ: ಸರ್, ನಮ್ಮ ಮನೆ ಬಾಗಲಕೋಟೆ ನವನಗರದಲ್ಲಿದೆ. ಬರಿಗಾಲಲ್ಲಿ ನಿಂತು ಫ್ರಿಜ್ ಮುಟ್ಟಿದರೆ ಜುಮ್ ಅಂತಿತ್ತು. ವಾಯರ್‌ಮನ್ ಬಂದು ಸಾಕೆಟ್ ಬಿಚ್ಚಿ, ಬೆರಳುದ್ದದ ಒಂದು ವಾಯರ್ ತುಂಡು ಹಾಕಿ, ಹತ್ತೇ ನಿಮಿಷದಲ್ಲಿ ಸರಿ ಮಾಡಿದರು. ‘ಅರ್ಥಿಂಗ್ ಬಂದಿಲ್ಲ, ಸಾಕೆಟ್ಟಿನ ಅರ್ಥಿಂಗ್ ತೂತನ್ನು ನ್ಯೂಟ್ರಲ್‌ಗೆ ಸೇರಿಸಿದ್ದೇನೆ, ಎರಡೂ ಒಂದೇ’ ಅಂದರು. ಈಗ ಶಾಕ್ ಇಲ್ಲ. ಆದರೆ ಮೈದುನ ಇದು ತಪ್ಪು ಅನ್ನುತ್ತಾನೆ. ಯಾರ ಮಾತು ಸರಿ?

ಉತ್ತರ: ಮೈದುನನದೇ ಸರಿ, ಅಕ್ಕಾರೇ. ಮೊದಲು ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಿ. ಹಾಲು ಕೆಟ್ಟರೆ ಕೆಡಲಿ.

‘ಎರಡೂ ಒಂದೇ’ ಅನ್ನುವುದು ಪೂರ್ತಿ ಸುಳ್ಳಲ್ಲ, ಅದಕ್ಕೇ ಜನ ನಂಬುತ್ತಾರೆ. ಓಣಿಯ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಹತ್ತಿರ ನ್ಯೂಟ್ರಲ್ಲನ್ನು ನೆಲಕ್ಕೆ ಇಳಿಸಿರುತ್ತಾರೆ, ಅಲ್ಲಿ ಎರಡೂ ಕೂಡುತ್ತವೆ. ಮನೆಯೊಳಗೆ ಮಾತ್ರ ಕೆಲಸ ಬೇರೆ ಬೇರೆ. ಫೇಸ್‌ನಲ್ಲಿ ಬಂದ ಕರೆಂಟ್ ಫ್ರಿಜ್ ಓಡಿಸಿ ವಾಪಸ್ ಹೋಗುವುದು ನ್ಯೂಟ್ರಲ್‌ನಲ್ಲಿ. ಅರ್ಥಿಂಗಿನ ಹಸಿರು ವಾಯರ್ ಸುಮ್ನೆ ಕೂತಿರಬೇಕು, ಏನಾದರೂ ಸೋರಿದಾಗಷ್ಟೇ ಅದಕ್ಕೆ ಕೆಲಸ.

ಈಗ ಕಂಬದ ಮೇಲೋ ಮೀಟರ್ ಹತ್ತಿರವೋ ನ್ಯೂಟ್ರಲ್ ಕಡಿಯಿತು ಅನ್ನಿ. ದೀಪ ಆರುತ್ತದೆ, ಫ್ರಿಜ್ ನಿಲ್ಲುತ್ತದೆ, ಕರೆಂಟ್ ಹೋಯ್ತು ಅಂತ ನೀವು ಅಂದುಕೊಳ್ಳುತ್ತೀರಿ. ಆದರೆ ಫೇಸ್ ಬರುತ್ತಲೇ ಇದೆ, ಅದು ಆನ್ ಇರುವ ಬಲ್ಬು, ಫ್ಯಾನು, ಫ್ರಿಜ್ಜಿನ ಮೋಟರು ದಾಟಿ ಮನೆಯ ನ್ಯೂಟ್ರಲ್‌ಗೆ ಬಂದು ನಿಂತಿದೆ, ಅಲ್ಲಿಂದ ಆ ಬೆರಳುದ್ದದ ತುಂಡು ಹಿಡಿದು ಫ್ರಿಜ್ಜಿನ ತಗಡಿಗೂ ಬಂದಿದೆ. 230 ವೋಲ್ಟ್! ತಣ್ಣೀರು ತೆಗೆಯಲು ಹೋಗಿ ಹಿಡಿಕೆ ಹಿಡಿದರೆ ಕರೆಂಟಿಗೆ ವಾಪಸ್ ದಾರಿ ನೀವೇ. ಇಂಥ ಹೊತ್ತಿನಲ್ಲಿ ಟೆಸ್ಟರ್ ಇಟ್ಟರೆ ಸಾಕೆಟ್ಟಿನ ಫೇಸ್, ನ್ಯೂಟ್ರಲ್ ಎರಡೂ ತೂತಿನಲ್ಲಿ ಉರಿಯುತ್ತದೆ. ಹಾಗೆ ಕಂಡರೆ ಮೇನ್ ಆರಿಸಿ, ಆಮೇಲೆ ಮುಂದಿನ ಮಾತು. ಮುಂದೆ ಯಾರೋ ಬೋರ್ಡ್ ರಿಪೇರಿಗೆ ಬಂದು ಫೇಸ್‌ನ ಕೆಂಪು, ನ್ಯೂಟ್ರಲ್‌ನ ಕಪ್ಪು ವಾಯರ್ ಅದಲುಬದಲು ಮಾಡಿದರೂ ಅಷ್ಟೇ, ತಗಡು ನೇರ ಫೇಸ್‌ಗೆ. ಜುಮ್ ಅನ್ನಿಸಿದ ಸೋರಿಕೆಯೂ ಎಲ್ಲೂ ಹೋಗಿಲ್ಲ, ಫ್ರಿಜ್ಜಿನೊಳಗೇ ಇದೆ, ಅದನ್ನೂ ನೋಡಿಸಿ.

ಆ ತುಂಡು ತೆಗೆಸಿ, ನೆಲದಲ್ಲಿ ಪೈಪ್ ಹೂತ ಅರ್ಥಿಂಗ್ ಗುಂಡಿಯಿಂದ ಸಾಕೆಟ್‌ವರೆಗೆ ಬೇರೆಯೇ ಹಸಿರು ವಾಯರ್ ಎಳೆಸಿ. ಜೊತೆಗೆ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್, ಹಾಕಿಸಿ. ಕರೆಂಟ್ ಮಿತಿ ಮೀರಿದಾಗ ಬೀಳುವ ಎಂಸಿಬಿ ಇದೆಯಲ್ವಾ ಅಂತ ಕೇಳಬೇಡಿ. ಗುಂಡಿಯ ರೆಸಿಸ್ಟೆನ್ಸ್ 20 ಓಮ್ ಇದ್ದರೆ, ಫೇಸ್ ತಗಡಿಗೆ ತಾಗಿದಾಗ ನೆಲಕ್ಕೆ ಹೋಗುವುದು ಹೆಚ್ಚೆಂದರೆ 11.5 ಆಂಪ್. 16 ಆಂಪಿನ ಎಂಸಿಬಿ ಅದಕ್ಕೆ ಬೀಳುವುದಿಲ್ಲ. ಆರ್‌ಸಿಸಿಬಿ ಹೋದ ಕರೆಂಟನ್ನೂ ಬಂದ ಕರೆಂಟನ್ನೂ ತೂಗಿ ನೋಡುತ್ತದೆ, 30 ಮಿಲಿಆಂಪಿನಷ್ಟು ಸಣ್ಣ ವ್ಯತ್ಯಾಸಕ್ಕೇ ಬೀಳುತ್ತದೆ. ಒಂದು ಮಾತು, ಹಸಿರು ವಾಯರ್ ಬಂದ ಮೇಲೂ ಹಳೇ ತುಂಡು ಉಳಿದಿದ್ದರೆ ವಾಪಸ್ ಕರೆಂಟ್ ಎರಡು ಪಾಲಾಗಿ ಆರ್‌ಸಿಸಿಬಿ ಮತ್ತೆ ಮತ್ತೆ ಬೀಳುತ್ತದೆ. ಆಗ ‘ಇದೇ ಕೆಟ್ಟಿದೆ’ ಅಂತ ಅದನ್ನೇ ಬೈಪಾಸ್ ಮಾಡುವ ಮಹಾಶಯರೂ ಇದ್ದಾರೆ. ಒಪ್ಪಬೇಡಿ.

ಪ್ರಶ್ನೆ: ನಮ್ಮದು ಇಂಡಿ ತಾಲ್ಲೂಕು, ಎರಿ ಮಣ್ಣು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕಬೇಕಾ?

ಉತ್ತರ: ಹಾಕ್ರಿ. ಎರಿ ಮಣ್ಣು ತೇವ ಇದ್ದಾಗ ಕರೆಂಟನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಒಣಗಿದರೆ ಬಿರುಕು ಬಿಟ್ಟು ಪೈಪಿನಿಂದಲೇ ಸರಿದು ನಿಲ್ಲುತ್ತದೆ. ಪೈಪ್ ಎರಡೂವರೆ ಮೀಟರ್ ಆದರೂ ಇಳಿದಿರಲಿ. ಉಪ್ಪು ಜಾಸ್ತಿ ಸುರಿಯಬೇಡಿ, ಪೈಪನ್ನೇ ತಿನ್ನುತ್ತದೆ. ವರ್ಷಕ್ಕೊಮ್ಮೆ ಮೇನ್ ಆರಿಸಿ, ವಾಯರ್ ಕಟ್ಟಿದ ಕ್ಲಾಂಪನ್ನೂ ನೋಡಿಸಿ. ನಮ್ಮ ಮನೆಯ ಗುಂಡಿಗೆ ಎರಡು ಬೇಸಿಗೆ ತಪ್ಪದೆ ಕೊಡ ಕೊಡ ನೀರು ಹಾಕಿದ್ದೆ. ಮುಚ್ಚಳ ತೆಗೆಸಿ ನೋಡಿದರೆ ನಟ್ ತುಕ್ಕು ಹಿಡಿದು ಉದುರಿತ್ತು, ವಾಯರ್ ಪೈಪಿನ ಪಕ್ಕದಲ್ಲಿ ಬೇರೆಯೇ ಬಿದ್ದಿತ್ತು.