ಎಂಎಸ್ ಇರುವ ತಂಗಿಯ ಖಿನ್ನತೆಗೆ ಟಿಎಂಎಸ್ ಮಾಡಿಸಬಹುದಾ? ಅದು ಶಾಕ್ ಟ್ರೀಟ್‌ಮೆಂಟ್ ಅಲ್ವಾ?

ಆರು ವರ್ಷದಿಂದ ತಂಗಿಗೆ ಎಂಎಸ್ (ಮಲ್ಟಿಪಲ್ ಸ್ಕ್ಲೀರೋಸಿಸ್, ಮೆದುಳು-ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಇದೆ, ಖಿನ್ನತೆಗೆ ಕೊಟ್ಟ ಎರಡು ಬಗೆಯ ಮಾತ್ರೆಯೂ ಹಿಡಿಯಲಿಲ್ಲ, ಈಗ ವೈದ್ಯರು ಟಿಎಂಎಸ್ (ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಷನ್, ತಲೆಯ ಹೊರಗಿನಿಂದ ಕಾಂತದ ಮಿಡಿತ ಕೊಡುವ ಚಿಕಿತ್ಸೆ) ಅಂದಿದ್ದಾರೆ, ಇರುವ ಕಾಯಿಲೆ ಕೆರಳಿದರೆ ಗತಿಯೇನು ಅಂತ ಕೇಳಿದ್ದೀರಿ. ನನಗೂ ಎಂಎಸ್ ಇದೆ, ಟಿಎಂಎಸ್ ಮಾಡಿಸಿಕೊಂಡಿದ್ದೇನೆ. ಹಾಗಾಗಿ ಗೊತ್ತಿರುವುದನ್ನು ಹೇಳುತ್ತೇನೆ.

ಇದು ಶಾಕ್ ಅಲ್ಲ. ಅರಿವಳಿಕೆ ಇಲ್ಲ, ಎಚ್ಚರವಾಗಿಯೇ ಕುರ್ಚಿಯಲ್ಲಿ ಕೂತಿರುತ್ತೀರಿ. ಹಣೆಯ ಎಡಭಾಗದ ಮೇಲೆ ಒಂದು ಕಾಯಿಲ್ (ತಂತಿಯ ಸುರುಳಿ) ಇಡುತ್ತಾರೆ. ಅದರ ಕಾಂತಕ್ಷೇತ್ರ ಮಿಂಚಿದಂತೆ ಬಂದುಹೋಗಿ ಒಳಗಿನ ನರಕೋಶಗಳನ್ನು ಚುರುಕುಗೊಳಿಸುತ್ತದೆ. ಮೊದಲ ದಿನ ನನ್ನ ಬಲಗೈ ಹೆಬ್ಬೆರಳನ್ನೇ ನೋಡುತ್ತಾ ಕಾಯಿಲನ್ನು ಅತ್ತಿತ್ತ ಸರಿಸಿದರು. ಬೆರಳು ತಾನಾಗಿಯೇ ಟಕ್ಕಂತ ಎಗರಿತು. ನನ್ನ ಮೆದುಳಿಗೆ ಎಷ್ಟು ಬಲ ಬೇಕು ಅಂತ ಅಳೆದದ್ದು ಅದರಿಂದಲೇ. ಆಮೇಲೆ ಮರಕುಟಿಗ ನೆತ್ತಿ ಕುಟ್ಟಿದ ಹಾಗೆ ಟಕಟಕ. ಕಿವಿಗೆ ಪ್ಲಗ್ ಹಾಕುತ್ತಾರೆ. ಮೊದಲ ವಾರ ತಲೆನೋವು ಬಂತು, ಹೋಯಿತು.

ಕಾಯಿಲೆ ಕೆರಳುವ ಭಯ ನನಗೂ ಇತ್ತು. ಟಿಎಂಎಸ್ 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಆಂಥೋನಿ ಬಾರ್ಕರ್ ತಂಡದಿಂದ ಬಂದದ್ದು. ಖಿನ್ನತೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಸಿಕ್ಕಿದ್ದು 2008ರಲ್ಲಿ. ಅದಕ್ಕೂ ಎಷ್ಟೋ ಮೊದಲಿಂದ ಎಂಎಸ್ ಇರುವವರ ಮೆದುಳಿನಿಂದ ಸ್ನಾಯುವಿಗೆ ಸಂಕೇತ ಎಷ್ಟು ತಡವಾಗಿ ಮುಟ್ಟುತ್ತದೆ ಅಂತ ಅಳೆಯಲು ಇದನ್ನೇ ಬಳಸುತ್ತಿದ್ದರು. ಇದು ತಿಳಿದ ಮೇಲೆ ನನಗೆ ಧೈರ್ಯ ಬಂತು.

ಆದರೆ ಒಂದು ವಿಷಯದಲ್ಲಿ ಹುಷಾರಾಗಿರಿ: ಫಿಟ್ಸ್. ಟಿಎಂಎಸ್‌ನಿಂದ ಅದು ಬರುವುದು ಬಹಳ ಅಪರೂಪ. ಆದರೂ ಎಂಎಸ್ ಇರುವವರಲ್ಲಿ ಫಿಟ್ಸ್ ಸಾಧ್ಯತೆ ಮೊದಲೇ ಸ್ವಲ್ಪ ಹೆಚ್ಚು. ನಡಿಗೆಗೆ ಕೊಡುವ ಫ್ಯಾಂಪ್ರಿಡಿನ್, ಖಿನ್ನತೆಗೆ ಕೊಡುವ ಬುಪ್ರೋಪಿಯಾನ್ ಇದನ್ನು ಹೆಚ್ಚಿಸಬಲ್ಲವು. ಸ್ನಾಯು ಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್ ತಗೊಳ್ಳುತ್ತಿದ್ದರೆ ಅದನ್ನೂ ತಿಳಿಸಿ. ಎಲ್ಲಾ ಮಾತ್ರೆಗಳ ಪಟ್ಟಿ ಹಿಡಿದು ಹೋಗಿ, ನರತಜ್ಞರೂ ಮನೋವೈದ್ಯರೂ ಪರಸ್ಪರ ಮಾತಾಡುವಂತೆ ಒತ್ತಾಯಿಸಿ. ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ತಲೆಯೊಳಗೆ ಲೋಹದ ಕ್ಲಿಪ್, ಕಿವಿಯಲ್ಲಿ ಇಂಪ್ಲಾಂಟ್ ಇದ್ದರೆ ಸಾಮಾನ್ಯವಾಗಿ ಮಾಡುವುದೇ ಇಲ್ಲ.

ಖಿನ್ನತೆಗೆ ಇದು ಕೆಲಸ ಮಾಡುತ್ತದೆ ಅನ್ನಲು ಒಳ್ಳೆಯ ಪುರಾವೆ ಇದೆ. ಎಂಎಸ್ ಇರುವವರ ಮೇಲೆಯೇ ನಡೆದ ಅಧ್ಯಯನಗಳು ಮಾತ್ರ ಚಿಕ್ಕವು, ಆದ್ದರಿಂದ ಗ್ಯಾರಂಟಿ ಕೊಡುವವರನ್ನು ನಂಬಬೇಡಿ. ನನಗೆ ಮೂರನೇ ವಾರದವರೆಗೆ ಏನೂ ಅನಿಸಲಿಲ್ಲ. ಆಮೇಲೊಂದು ದಿನ ಅಕ್ಕನ ಫೋನ್ ರಿಂಗಾಯಿತು, ನಾನು ಎತ್ತಿದೆ. ಎತ್ತಿದ ಮೇಲೆ ನೆನಪಾಯಿತು, ತಿಂಗಳುಗಟ್ಟಲೆ ಅವಳ ಫೋನ್ ಎತ್ತಿರಲಿಲ್ಲ ಅಂತ. ಕಾಲಿನ ಜೋಮು ಹಾಗೇ ಇದೆ. ಅದಕ್ಕೆ ಇದು ಮದ್ದಲ್ಲ.

ಕಷ್ಟವಾದದ್ದು ಓಡಾಟ. ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ. ಎಂಎಸ್ ಸುಸ್ತು ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ಲ. ತಂಗಿಗೆ ಮೈ ಹಗುರಾಗಿರುವ ಹೊತ್ತಿನಲ್ಲೇ ಸಮಯ ಕೇಳಿ. ಒಂದು ಸಲದ್ದು ಮೂರೇ ನಿಮಿಷದಲ್ಲಿ ಮುಗಿಯುವ ಥೀಟಾ ಬರ್ಸ್ಟ್ ಅನ್ನುವ ಟಿಎಂಎಸ್ ವಿಧಾನವೂ ಇದೆ, ಅದು ಸಿಗುತ್ತದಾ ವಿಚಾರಿಸಿ.

"ಇಂಥ ಕಾಯಿಲೆ ಬಂದ ಮೇಲೆ ಬೇಜಾರಾಗದೆ ಇರುತ್ತಾ" ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಎಂಎಸ್‌ನ ಉರಿಯೂತವೂ ಮೆದುಳಿನ ಗಾಯಗಳೂ ಖಿನ್ನತೆಗೆ ನೇರ ಕಾರಣವಾಗಬಲ್ಲವು, ಅದಕ್ಕೆ ಚಿಕಿತ್ಸೆ ಆಗಲೇಬೇಕು. ಬದುಕು ಸಾಕು ಅನ್ನುವ ಮಾತು ಅವಳ ಬಾಯಲ್ಲಿ ಬಂದರೆ ಟಿಎಂಎಸ್ ಸರದಿಗೆ ಕಾಯಬೇಡಿ, ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.